ಠಾಣೆ ರಾಜ್ಯದ್ದು, ಬೀದಿ ಊರಿನದು: ಮಂಗಳೂರಿನ ಅಗ್ನಿಶಾಮಕ ಸೇವೆಯ ಕುರಿತು

(ಅಗ್ನಿಶಾಮಕ ಸೇವಾ ಸಪ್ತಾಹದ ಸಂದರ್ಭದಲ್ಲಿ ಮಂಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರೇ, ಸ್ನೇಹಿತರೇ,

ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಈ ದಿನಾಂಕ ಒಂದು ಬಂದರಿನಿಂದ ಬಂದದ್ದು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗಿನ ಒಳಗೆ, ಹತ್ತಿಯ ಬೇಲುಗಳ ನಡುವೆ ಹೊಗೆ ಕಾಣಿಸಿಕೊಂಡಿತು. ಅದೇ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕವೂ ಇತ್ತು. ಮಧ್ಯಾಹ್ನ ಸುಮಾರು ಎರಡು ಗಂಟೆಗೆ ಕಂಡ ಹೊಗೆ ನಾಲ್ಕು ಗಂಟೆ ಆರು ನಿಮಿಷಕ್ಕೆ ಮೊದಲ ಸ್ಫೋಟವಾಗಿ ಪರಿಣಮಿಸಿತು; ಅರ್ಧ ಗಂಟೆಯೊಳಗೆ ಎರಡನೆಯದೂ ಆಯಿತು. ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕರು ಅಲ್ಲಿಯೇ ಪ್ರಾಣ ಬಿಟ್ಟರು.

ಪ್ರತಿವರ್ಷ ನಾವು ಆ 66 ಮಂದಿಗೆ ಗೌರವ ಸಲ್ಲಿಸುತ್ತೇವೆ, ಸಲ್ಲಿಸಲೇಬೇಕು. ಆದರೆ ಆ ಎರಡು ಗಂಟೆಗಳಲ್ಲಿ ಹಡಗಿನ ಮೇಲೆ ಏನು ನಡೆಯಿತು ಎಂಬುದನ್ನೂ ಗಮನಿಸಬೇಕು. ಅಪಾಯಕಾರಿ ಸರಕು ಹೊತ್ತ ಹಡಗು ಏರಿಸಬೇಕಾದ ಕೆಂಪು ಬಾವುಟವನ್ನು ಆ ಹಡಗು ಏರಿಸಿರಲಿಲ್ಲ. ಹಡಗನ್ನು ಅಲ್ಲಿಯೇ ಮುಳುಗಿಸಬೇಕೇ, ಸಮುದ್ರಕ್ಕೆ ಎಳೆದೊಯ್ಯಬೇಕೇ, ಅಥವಾ ನೀರು ಹೊಡೆಯುತ್ತಲೇ ಇರಬೇಕೇ ಎಂಬ ಪ್ರಶ್ನೆಗೆ ಕಪ್ತಾನರು, ಬಂದರಿನ ಅಧಿಕಾರಿಗಳು, ಅಗ್ನಿಶಾಮಕ ದಳದ ಮುಖ್ಯಸ್ಥರು ಮತ್ತು ಸ್ಫೋಟಕಗಳನ್ನು ಬಲ್ಲ ಸೇನಾಧಿಕಾರಿಗಳು ಒಮ್ಮತದ ಉತ್ತರಕ್ಕೆ ಬರಲಾಗಲಿಲ್ಲ. ಅಂತಿಮ ಮಾತು ಯಾರದು ಎಂಬುದೇ ಖಚಿತವಾಗಿರಲಿಲ್ಲ. ನೀರಿಗೆ ಅಲ್ಲಿ ಕೊರತೆ ಇರಲಿಲ್ಲ, ಧೈರ್ಯಕ್ಕಂತೂ ಇರಲೇ ಇಲ್ಲ. ಕೊರತೆ ಇದ್ದದ್ದು ವ್ಯವಸ್ಥೆಯಲ್ಲಿ.

ಇಂದು ನಾನು ಮಾತನಾಡುವುದು ಆ ವ್ಯವಸ್ಥೆಯ ಬಗ್ಗೆ. ನಮ್ಮಲ್ಲಿ ಬೆಂಕಿ ಆರಿಸುವ ಇಲಾಖೆ ರಾಜ್ಯ ಸರಕಾರದ್ದು. ಆ ಇಲಾಖೆಗೆ ಬೇಕಾದ ನೀರು, ದಾರಿ, ಕಟ್ಟಡದ ಮೆಟ್ಟಿಲು ಇವೆಲ್ಲ ಬೇರೆಯವರ ಕೈಯಲ್ಲಿವೆ. ಮಂಗಳೂರಿನಲ್ಲಿ ಒಂದು ಅನಾಹುತ ದೊಡ್ಡದಾಗುವುದೋ ಸಣ್ಣದರಲ್ಲೇ ಮುಗಿಯುವುದೋ ಎಂಬುದು ಬಹುಪಾಲು ಈ ಎರಡರ ನಡುವಿನ ಜಾಗದಲ್ಲಿ ತೀರ್ಮಾನವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೆಂಕಿ ಆರಿಸುವುದು ಯಾರ ಕೆಲಸ ಎಂಬ ಪ್ರಶ್ನೆಗೆ ಪ್ರತಿಯೊಂದು ಕಾಲವೂ ತನ್ನದೇ ಉತ್ತರ ಕೊಟ್ಟಿದೆ. 1824ರಲ್ಲಿ ಎಡಿನ್‌ಬರೋ ನಗರ ತನ್ನದೇ ದಳವೊಂದನ್ನು ಕಟ್ಟಿ ಜೇಮ್ಸ್ ಬ್ರೈಡ್‌ವುಡ್ ಎಂಬವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಲಂಡನ್ನಿನಲ್ಲಾದರೋ ಈ ಕೆಲಸ ವಿಮಾ ಕಂಪನಿಗಳದಾಗಿತ್ತು. ನಷ್ಟ ತುಂಬಿಕೊಡಬೇಕಾದವರೇ ಬೆಂಕಿಯನ್ನೂ ಆರಿಸಬೇಕೆಂಬುದು ಅಲ್ಲಿನ ಲೆಕ್ಕಾಚಾರ. 1833ರಲ್ಲಿ ಹತ್ತು ಕಂಪನಿಗಳು ಕೂಡಿ ಒಂದೇ ದಳ ಕಟ್ಟಿ ಅದೇ ಬ್ರೈಡ್‌ವುಡ್ಡರನ್ನು ಕರೆಸಿಕೊಂಡವು. 1861ರಲ್ಲಿ ಥೇಮ್ಸ್ ದಂಡೆಯ ಟೂಲಿ ಸ್ಟ್ರೀಟಿನ ಉಗ್ರಾಣಗಳಿಗೆ ಬೆಂಕಿ ಬಿದ್ದಾಗ ಕುಸಿದ ಗೋಡೆಯ ಕೆಳಗೆ ಸಿಲುಕಿ ಬ್ರೈಡ್‌ವುಡ್ ತೀರಿಕೊಂಡರು. ನಷ್ಟದ ಮೊತ್ತ ಕಂಡು ಬೆಚ್ಚಿದ ಕಂಪನಿಗಳು ಈ ಹೊರೆ ತಮ್ಮಿಂದಾಗದು ಎಂದು ಸರಕಾರಕ್ಕೆ ತಿಳಿಸಿದವು. ಹಾಗೆ 1866ರ ಜನವರಿಯಲ್ಲಿ ಲಂಡನ್ನಿಗೆ ಸಾರ್ವಜನಿಕ ಹಣದ ಅಗ್ನಿಶಾಮಕ ದಳ ಬಂತು. ಮುಂಬಯಿಯಲ್ಲಿ 1855ರಿಂದ ಈ ಕೆಲಸ ಪೊಲೀಸರ ಸುಪರ್ದಿಯಲ್ಲಿದ್ದು, 1880ರ ದಶಕದ ಕೊನೆಗೆ ನಗರಪಾಲಿಕೆಗೆ ಬಂತು. ಇಂದಿಗೂ ಅಲ್ಲಿ ಅದು ಪಾಲಿಕೆಯದೇ.

ಅದೇ ಹೊತ್ತಿಗೆ ಮಂಗಳೂರಿನಲ್ಲಿ ಏನಾಗುತ್ತಿತ್ತು? ಮದರಾಸು ಸರಕಾರದ 1865ರ ಪಟ್ಟಣ ಸುಧಾರಣಾ ಕಾಯಿದೆಯ ಅಡಿಯಲ್ಲಿ 1866ರಲ್ಲಿ ಮಂಗಳೂರಿಗೆ ಪುರಸಭೆ ಬಂತು. ಅದಕ್ಕೆ ಒಂದು ವರ್ಷ ಮೊದಲು, 1865ರಲ್ಲಿ, ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದರು. ಅಗ್ನಿಸುರಕ್ಷೆಯ ದೃಷ್ಟಿಯಿಂದ ಈ ಊರಿನ ಮಟ್ಟಿಗೆ ಪುರಸಭೆಗಿಂತ ಹೆಂಚಿನ ಕಾರ್ಖಾನೆಯೇ ದೊಡ್ಡ ಘಟನೆ ಎಂದು ನಾನು ಹೇಳುತ್ತೇನೆ. ಇತಿಹಾಸದ ಅಧ್ಯಾಪಕರು ಒಪ್ಪದಿದ್ದರೆ ಆಮೇಲೆ ಜಗಳವಾಡಬಹುದು. ಮುಳಿಹುಲ್ಲಿನ, ತೆಂಗಿನ ಮಡಲಿನ ಮಾಡುಗಳು ಒತ್ತೊತ್ತಾಗಿದ್ದ ಕೇರಿಯಲ್ಲಿ ಒಂದು ಮನೆಯ ಒಲೆಯ ಕಿಡಿ ಮಾಡಿಗೆ ತಾಗಿದರೆ, ಫೆಬ್ರವರಿ–ಮಾರ್ಚಿನ ಮಧ್ಯಾಹ್ನದ ಸಮುದ್ರಗಾಳಿಗೆ ಅದು ಸಾಲಾಗಿ ಹತ್ತು ಮನೆ ದಾಟಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಅಂಥ ಬೆಂಕಿಗೆ ಕೊಡಪಾನದ ನೀರಿನಿಂದ ಆಗುವುದೇನೂ ಇಲ್ಲ. ಮುಂದಿನ ಮನೆಯ ಮಾಡನ್ನು ಕಿತ್ತೆಳೆದು ಅಂತರ ಮಾಡುವುದೊಂದೇ ಉಪಾಯ. ಹೆಂಚು ಬಂದಮೇಲೆ ಮಾಡಿನಿಂದ ಮಾಡಿಗೆ ಕಿಡಿ ಹಾರಿ ಹರಡುವ ದಾರಿ ಮುಚ್ಚಿತು. ಕೆಳಗಿನ ಪಕ್ಕಾಸು, ರೀಪುಗಳು ಮರದ್ದೇ ಆದ್ದರಿಂದ ಮನೆ ಒಳಗಿನಿಂದ ಸುಡಬಹುದಿತ್ತು. ಆದರೆ ಬೆಂಕಿ ಹೆಚ್ಚಾಗಿ ಒಂದು ಮನೆಯೊಳಗೆ ಉಳಿಯತೊಡಗಿತು.

ದಕ್ಷಿಣ ಕನ್ನಡ 1956ರ ನವೆಂಬರ್ 1ರಂದು ಮದರಾಸಿನಿಂದ ಬೇರ್ಪಟ್ಟು ಆಗಿನ ಮೈಸೂರು ರಾಜ್ಯಕ್ಕೆ ಸೇರಿತು. ಅಗ್ನಿಶಾಮಕ ದಳಕ್ಕಾಗಿ ರಾಜ್ಯ ಪ್ರತ್ಯೇಕ ಕಾಯಿದೆ ಮಾಡಿದ್ದು 1964ರಲ್ಲಿ. 1965ರಿಂದ ಅದರ ಅಡಿಯಲ್ಲಿ ದಳ ಸ್ವತಂತ್ರ ಇಲಾಖೆಯಾಗಿ ಕೆಲಸ ಮಾಡತೊಡಗಿತು. ಇಂದು ನಾವು ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಎಂದು ಕರೆಯುವುದು ಇದನ್ನೇ. ಒಳಾಡಳಿತ ಇಲಾಖೆಯ ಅಧೀನದಲ್ಲಿರುವ ಇದಕ್ಕೆ ಹಿರಿಯ ಐಪಿಎಸ್ ಅಧಿಕಾರಿಯೊಬ್ಬರು ಮುಖ್ಯಸ್ಥರು. ಬೆಂಕಿಯ ಸಮಯದಲ್ಲಿ ಬಾಗಿಲು ಒಡೆದು ಒಳನುಗ್ಗುವುದು, ರಸ್ತೆ ಮುಚ್ಚುವುದು, ಜನರನ್ನು ತೆರವುಗೊಳಿಸುವುದು, ಹತ್ತಿರದ ಯಾವುದೇ ನೀರಿನ ಮೂಲವನ್ನು ಬಳಸುವುದು ಇವೆಲ್ಲ ದಳದ ಅಧಿಕಾರದೊಳಗೆ ಬರುತ್ತವೆ. ಆ ಹೊತ್ತಿನಲ್ಲಿ ಸ್ಥಳದಲ್ಲಿರುವ ದಳದ ಹಿರಿಯ ಅಧಿಕಾರಿಯ ಮಾತೇ ಕೊನೆಯ ಮಾತು. 1944ರ ಹಡಗುಕಟ್ಟೆಯಲ್ಲಿ ಇರಬೇಕಾಗಿದ್ದದ್ದು ಇಂಥದೊಂದು ಸ್ಪಷ್ಟತೆ.

ಇದರಲ್ಲಿ ಒಂದು ತೊಡಕೂ ಇದೆ. ಸಂವಿಧಾನದ 74ನೆಯ ತಿದ್ದುಪಡಿ 1992ರಲ್ಲಿ ಆದಾಗ, ನಗರಾಡಳಿತಕ್ಕೆ ವಹಿಸಬಹುದಾದ ಕೆಲಸಗಳ ಪಟ್ಟಿಯಾಗಿ ಹನ್ನೆರಡನೆಯ ಅನುಸೂಚಿ ಸೇರಿತು. ಅದರ ಏಳನೆಯ ಅಂಶವೇ ಅಗ್ನಿಶಾಮಕ ಸೇವೆ. ಕರ್ನಾಟಕ ಅದನ್ನು ನಗರಗಳಿಗೆ ವಹಿಸಲಿಲ್ಲ. ಹೀಗಾಗಿ ಮಂಗಳೂರು ಮಹಾನಗರಪಾಲಿಕೆಯ ಬಜೆಟಿನಲ್ಲಿ ಬೀದಿದೀಪ, ಚರಂಡಿ, ಕಸ, ನೀರು ಎಲ್ಲವೂ ಇವೆ, ಅಗ್ನಿಶಾಮಕ ಠಾಣೆ ಇಲ್ಲ. ಯಾವ ಕಾರ್ಪೊರೇಟರರೂ ಠಾಣೆಯಲ್ಲಿ ಎಷ್ಟು ಹುದ್ದೆ ಖಾಲಿ ಇದೆ ಎಂದು ಪಾಲಿಕೆಯ ಸಭೆಯಲ್ಲಿ ಕೇಳಬೇಕಾದ ಅಗತ್ಯ ಬೀಳುವುದಿಲ್ಲ; ಯಾವ ಠಾಣಾಧಿಕಾರಿಗೂ ಲಾರಿ ತಿರುಗಲಾಗದ ಓಣಿಯಲ್ಲಿ ಗೋದಾಮಿಗೆ ಪರವಾನಗಿ ಯಾಕೆ ಕೊಟ್ಟಿರಿ ಎಂದು ಕೇಳುವ ವೇದಿಕೆ ಇಲ್ಲ.

ಇಲಾಖೆಯ ಒಳರಚನೆ ಸರಳವಾಗಿದೆ. ಅಗ್ನಿಶಾಮಕ, ಚಾಲಕ, ಪ್ರಮುಖ ಅಗ್ನಿಶಾಮಕ, ಠಾಣಾಧಿಕಾರಿ, ಜಿಲ್ಲಾ ಅಗ್ನಿಶಾಮಕ ಅಧಿಕಾರಿ, ಪ್ರಾದೇಶಿಕ ಅಧಿಕಾರಿ, ಮುಖ್ಯ ಅಗ್ನಿಶಾಮಕ ಅಧಿಕಾರಿ ಎಂಬ ಏಣಿಯಲ್ಲಿ ಹುದ್ದೆಗಳು ಮೇಲೇರುತ್ತವೆ. ಮಂಗಳೂರಿನಲ್ಲಿ ವಲಯದ ಪ್ರಾದೇಶಿಕ ಕಚೇರಿಯಿದೆ. ನಗರದಲ್ಲಿ ಎಲ್ಲರಿಗೂ ಗೊತ್ತಿರುವುದು ಪಾಂಡೇಶ್ವರ ಮತ್ತು ಕದ್ರಿಯ ಠಾಣೆಗಳು; ಜಿಲ್ಲೆಯ ಒಳಭಾಗಕ್ಕೆ ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ, ಮೂಡುಬಿದಿರೆಗಳಲ್ಲಿ ಠಾಣೆಗಳಿವೆ. ತರಬೇತಿಗೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆರ್. ಎ. ಮುಂಡ್ಕೂರು ಅಕಾಡೆಮಿಗೆ ಹೋಗಬೇಕು. ಸಂಸ್ಥೆಯ ಹೆಸರಿನಲ್ಲೇ ನಮ್ಮ ಕರಾವಳಿಯ ಊರೊಂದರ ಹೆಸರಿದೆ ಎಂಬುದು ಇಲ್ಲಿನ ಎಷ್ಟೋ ಜನಕ್ಕೆ ತಿಳಿದಿಲ್ಲ.

ಜಲವಾಹನ ಎಂದು ಇಲಾಖೆಯವರು ಕರೆಯುವ, ನಾವು ಫಯರ್ ಎಂಜಿನ್ ಎನ್ನುವ ಕೆಂಪು ಲಾರಿಯಲ್ಲಿ ಸಾಮಾನ್ಯವಾಗಿ ಒಬ್ಬ ಮುಖ್ಯಸ್ಥ, ಒಬ್ಬ ಚಾಲಕ ಮತ್ತು ನಾಲ್ವರು ಅಗ್ನಿಶಾಮಕರು ಇರಬೇಕು. ಅವರ ಕೈಯಲ್ಲಿರುವ ಹೋಸಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಕೆಲಸದ ಭಾರ ಅಲ್ಲಿ ಗೊತ್ತಾಗುತ್ತದೆ. ಅದು 63 ಮಿಲಿಮೀಟರ್ ವ್ಯಾಸದ್ದು. ಒಂದು ತುಂಡು 15 ಮೀಟರ್ ಉದ್ದ. ಖಾಲಿ ಇದ್ದಾಗ ಅದನ್ನು ಚಪ್ಪಟೆಯಾಗಿ ಸುರುಳಿ ಸುತ್ತಿ ಒಬ್ಬನೇ ಹೆಗಲ ಮೇಲೆ ಹೊತ್ತು ಓಡಬಲ್ಲ. ನೀರು ತುಂಬಿದ ಕ್ಷಣ ಅದೇ ತುಂಡಿನೊಳಗೆ ಸುಮಾರು 47 ಲೀಟರ್ ನೀರು ಇರುತ್ತದೆ, ಅಂದರೆ 47 ಕಿಲೋ. ನಾಲ್ಕು ತುಂಡು ಜೋಡಿಸಿ ಮೂರನೆಯ ಮಹಡಿಗೆ ಏರಿಸಿದರೆ ಎರಡು ಕ್ವಿಂಟಲಿಗೆ ಹತ್ತಿರದ ನೀರು ಮೆಟ್ಟಿಲ ತಿರುವುಗಳಲ್ಲಿ ಬಿಗಿದುಕೊಂಡು ಕೂರುತ್ತದೆ. ಆದ್ದರಿಂದ ಪಳಗಿದ ತಂಡ ಹೋಸನ್ನು ಖಾಲಿಯಾಗಿಯೇ ಮೇಲಕ್ಕೆ ಒಯ್ದು, ಜೋಡಣೆ ಭದ್ರವಾಗಿದೆಯೇ ಎಂದು ನೋಡಿ, ಆಮೇಲಷ್ಟೇ ಕೆಳಗಿನವನಿಗೆ ನೀರು ಬಿಡುವಂತೆ ಸನ್ನೆ ಮಾಡುತ್ತದೆ. ತುದಿಯಲ್ಲಿ ಬ್ರಾಂಚ್, ಅಂದರೆ ನೀರು ಚಿಮ್ಮುವ ಮೂತಿ, ಹಿಡಿದವನನ್ನು ನೀರಿನ ಒತ್ತಡ ಹಿಂದಕ್ಕೆ ತಳ್ಳುತ್ತದೆ. ಅವನ ಬೆನ್ನಿಗೆ ಭುಜ ಕೊಟ್ಟು ನಿಲ್ಲಲು ಇನ್ನೊಬ್ಬ ಬೇಕು. ಹೊಗೆಯೊಳಗೆ ಹೋಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಸಿಲಿಂಡರಿನಲ್ಲಿ ಸುಮಾರು 1,800 ಲೀಟರ್ ಗಾಳಿ ಇರುತ್ತದೆ. ಲೆಕ್ಕಕ್ಕೆ ಅದು ಮುಕ್ಕಾಲು ಗಂಟೆ. ಭಾರ ಎಳೆಯುತ್ತಾ ಏದುಸಿರು ಬಿಡುವವನಿಗೆ ಅರ್ಧ ಗಂಟೆಯೂ ಬರುವ ಖಾತರಿ ಇಲ್ಲ. ಗಾಳಿ ಕೊನೆಗೊಳ್ಳುತ್ತಾ ಬಂದಾಗ ಅದರಲ್ಲಿ ಸೀಟಿ ಕೂಗತೊಡಗುತ್ತದೆ. ಆಗ ಎಲ್ಲಿದ್ದರೂ ಹೊರಗೆ ಬರಬೇಕು.

ಇನ್ನು ನೀರಿನ ಲೆಕ್ಕ. ಸಾಮಾನ್ಯ ಜಲವಾಹನವೊಂದು ಹೊತ್ತು ತರುವುದು 4,500 ಲೀಟರ್. ನಿಮಿಷಕ್ಕೆ 450 ಲೀಟರ್ ಹೊರಹಾಕುವ ಒಂದೇ ಬ್ರಾಂಚ್ ಹಿಡಿದರೆ ಹತ್ತು ನಿಮಿಷ, ಎರಡು ಹಿಡಿದರೆ ಐದು ನಿಮಿಷ. ಫಯರ್ ಎಂಜಿನ್ ಬಂದಿತು, ಆದರೆ ನೀರು ತರದೆ ಬಂದಿತ್ತು ಎಂಬ ದೂರನ್ನು ನಾವೆಲ್ಲ ಕೇಳಿದ್ದೇವೆ. ಎಷ್ಟೋ ಸಲ ಅದು ತಂದ ನೀರು ನಮ್ಮ ಕಣ್ಣ ಮುಂದೆಯೇ ಐದು ನಿಮಿಷದಲ್ಲಿ ಮುಗಿದಿರುತ್ತದೆ ಎಂಬುದು ವಾಸ್ತವ. ಆಮೇಲೆ ಗಾಡಿ ನೀರಿಗಾಗಿ ಎಲ್ಲಿಗೆ ಹೋಗಬೇಕು? ತುಂಬೆಯ ಕಿಂಡಿ ಅಣೆಕಟ್ಟಿನಿಂದ ನೇತ್ರಾವತಿಯ ನೀರು ನಗರಕ್ಕೆ ಬರುತ್ತದೆ, ಬೆಂದೂರುವೆಲ್ಲಿನಂಥ ಕಡೆ ಸಂಗ್ರಹವಾಗುತ್ತದೆ, ಕೊಳವೆಗಳಲ್ಲಿ ಬೀದಿ ಬೀದಿಗೆ ಹರಿಯುತ್ತದೆ. ಆದರೆ ಆ ಕೊಳವೆಗೆ ದಾರಿಬದಿಯಲ್ಲಿ ನೇರವಾಗಿ ಹೋಸ್ ಜೋಡಿಸಬಹುದಾದ ಹೈಡ್ರಂಟ್ ನಮ್ಮ ಬೀದಿಗಳಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಹಾಗಾಗಿ ಗಾಡಿ ಕೆರೆಗೋ, ಯಾರದಾದರೂ ಬಾವಿಗೋ, ಟ್ಯಾಂಕಿಗೋ ಹೋಗಿ ತುಂಬಿಸಿಕೊಂಡು ಬರಬೇಕು. ನಂತೂರು, ಪಂಪ್‌ವೆಲ್, ಹಂಪನಕಟ್ಟೆಗಳ ಸಂಜೆಯ ವಾಹನಸಂದಣಿ ಗೊತ್ತಿರುವವರಿಗೆ ಆ ಹೋಗಿಬರುವ ಹೊತ್ತನ್ನು ನಾನು ವಿವರಿಸಬೇಕಿಲ್ಲ.

ಠಾಣೆಗಳ ಸಂಖ್ಯೆಗೂ ಮಾನದಂಡವಿದೆ. ಕೇಂದ್ರದ ಸ್ಥಾಯಿ ಅಗ್ನಿಶಾಮಕ ಸಲಹಾ ಸಮಿತಿಯ ಪ್ರಕಾರ ನಗರ ಪ್ರದೇಶದಲ್ಲಿ ಹತ್ತು ಚದರ ಕಿಲೋಮೀಟರಿಗೆ ಒಂದು ಠಾಣೆ ಇರಬೇಕು. ಮೂರು ಲಕ್ಷ ಜನಸಂಖ್ಯೆಯವರೆಗೆ ಪ್ರತಿ 50,000 ಜನರಿಗೆ ಒಂದು, ಆಮೇಲೆ ಪ್ರತಿ ಲಕ್ಷಕ್ಕೆ ಒಂದು ಪಂಪಿನ ವಾಹನ ಇರಬೇಕು. ಕರೆ ಬಂದ ಕೆಲವೇ ನಿಮಿಷಗಳಲ್ಲಿ ಗಾಡಿ ಸ್ಥಳಕ್ಕೆ ತಲುಪಬೇಕು. ನಮ್ಮ ಪಾಲಿಕೆಯ ವ್ಯಾಪ್ತಿ ಸುಮಾರು 132 ಚದರ ಕಿಲೋಮೀಟರ್, 2011ರ ಜನಗಣತಿಯಂತೆ ಜನಸಂಖ್ಯೆ ಐದು ಲಕ್ಷದ ಆಸುಪಾಸು. ಲೆಕ್ಕ ಹಾಕಿದರೆ ಹದಿಮೂರು ಠಾಣೆ, ಎಂಟು ವಾಹನ. ಈ ಮಾನದಂಡವನ್ನು ಅಕ್ಷರಶಃ ಪಾಲಿಸಿದ ಊರು ದೇಶದಲ್ಲಿ ಸಿಗುವುದು ಕಷ್ಟ, ಹಾಗಾಗಿ ಸಂಖ್ಯೆಯ ಬಗ್ಗೆ ನಾನು ಹಟ ಹಿಡಿಯುವುದಿಲ್ಲ. ನನ್ನ ಚಿಂತೆ ಇರುವುದು ದೂರದ ಬಗ್ಗೆ. ಪಾಂಡೇಶ್ವರ ಮತ್ತು ಕದ್ರಿ ಎರಡೂ ಹಳೆಯ ನಗರದ ಸುತ್ತಮುತ್ತಲೇ ಇವೆ. ನಗರವಾದರೋ ಉತ್ತರಕ್ಕೆ ಸುರತ್ಕಲ್ಲಿನವರೆಗೆ ಬೆಳೆದಿದೆ. ಸುರತ್ಕಲ್ ಇಲ್ಲಿಂದ ಸುಮಾರು 15 ಕಿಲೋಮೀಟರ್, ನಡುವೆ ಕೊಟ್ಟಾರ ಚೌಕಿ, ನಡುವೆ ಕೂಳೂರಿನ ಸೇತುವೆ.

ಹಳೆಯ ಬಂದರು ಪ್ರದೇಶದ ಸಮಸ್ಯೆ ಇದಕ್ಕೆ ತದ್ವಿರುದ್ಧ. ಪಾಂಡೇಶ್ವರದಿಂದ ಬಂದರಿಗೆ ದೂರವೇ ಇಲ್ಲ, ಆದರೆ ಒಳಗೆ ಹೋಗಲು ದಾರಿ ಬೇಕಲ್ಲ? ಎತ್ತಿನ ಗಾಡಿ, ಕೈಗಾಡಿಗಳ ಅಳತೆಗೆ ರೂಪುಗೊಂಡ ಓಣಿಗಳು, ಎರಡೂ ಕಡೆ ಹೆಂಚಿನ ಮಾಡಿನ ಗೋದಾಮುಗಳು, ಬಾಗಿಲಲ್ಲಿ ಸರಕು ಇಳಿಸುವ ಟೆಂಪೊಗಳು, ತಲೆಯ ಮೇಲೆ ಜೋತುಬಿದ್ದ ವಿದ್ಯುತ್ ತಂತಿಗಳು. ಒಳಗಿರುವ ಸರಕೂ ಸಾಮಾನ್ಯದ್ದಲ್ಲ: ಕೊಪ್ಪರ, ಅಡಿಕೆಯ ಗೋಣಿ, ಎಣ್ಣೆಯ ಡಬ್ಬ, ಪ್ಲಾಸ್ಟಿಕ್. ಒತ್ತೊತ್ತಾಗಿ ಜೋಡಿಸಿಟ್ಟ ಗೋಣಿಗಳ ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೊಳಗೆ ಕೆಂಡವಾಗಿ ಉಳಿದು ಮರುದಿನ ಮತ್ತೆ ಏಳುತ್ತದೆ. ಒಂದೊಂದೇ ಗೋಣಿಯನ್ನು ಎಳೆದು ಹೊರಹಾಕಿ ನೆನೆಸದೆ ಅದಕ್ಕೆ ಬೇರೆ ಮದ್ದಿಲ್ಲ. ನಮ್ಮ ಜಿಲ್ಲೆಯ ಇನ್ನೊಂದು ವಿಶೇಷ ಗೇರುಬೀಜದ ಕಾರ್ಖಾನೆಗಳು. ಗೇರುಸಿಪ್ಪೆಯಲ್ಲಿ ಎಣ್ಣೆಯಿದೆ, ಅದು ಚರ್ಮಕ್ಕೆ ತಾಗಿದರೆ ಸುಡುತ್ತದೆ, ಉರಿದರೆ ದಟ್ಟವಾದ ಕಟುವಾದ ಹೊಗೆ ಏಳುತ್ತದೆ. ಸಿಪ್ಪೆಯ ರಾಶಿಗೆ ಬೆಂಕಿ ಬಿದ್ದರೆ ಬರಿಯ ನೀರಿಗಿಂತ ನೊರೆ ಬೆರೆಸಿದ ನೀರು ಹೆಚ್ಚು ಕೆಲಸ ಮಾಡುತ್ತದೆ.

ನವಮಂಗಳೂರು ಬಂದರು 1970ರ ದಶಕದಲ್ಲಿ ಬಂತು. 1974ರಲ್ಲಿ ಅದು ಪ್ರಮುಖ ಬಂದರೆಂದು ಘೋಷಿತವಾಯಿತು. ಅದರ ಬೆನ್ನಿಗೇ ಪಣಂಬೂರಿನಲ್ಲಿ ರಸಗೊಬ್ಬರ ಕಾರ್ಖಾನೆ, 1990ರ ದಶಕದಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ, ಆಮೇಲೆ ಅಡುಗೆ ಅನಿಲದ ದಾಸ್ತಾನುಗಳು, ನೆಲದಡಿಯ ಕಚ್ಚಾತೈಲದ ಗುಹೆಗಳು. ಇಂಥ ದೊಡ್ಡ ಘಟಕಗಳಿಗೆ ತಮ್ಮದೇ ಅಗ್ನಿಶಾಮಕ ವ್ಯವಸ್ಥೆ ಇರುತ್ತದೆ. ನೊರೆಯ ವಾಹನಗಳು, ಸಮುದ್ರದ ನೀರು ಎಳೆಯುವ ಪಂಪುಗಳು ಇವೆಲ್ಲ ರಾಜ್ಯದ ಠಾಣೆಗಿಂತ ಅಲ್ಲಿಯೇ ಹೆಚ್ಚು. ಅಗತ್ಯ ಬಿದ್ದರೆ ಒಬ್ಬರಿಗೊಬ್ಬರು ನೆರವಾಗುವ ಒಪ್ಪಂದಗಳನ್ನು ಇಂಥ ಕಡೆ ಮಾಡಿಕೊಳ್ಳುತ್ತಾರೆ. ಹಾಗಾಗಿ ನನಗೆ ಗೇಟಿನ ಒಳಗಿಗಿಂತ ಗೇಟಿನ ಹೊರಗಿನದ್ದೇ ಹೆಚ್ಚು ಆತಂಕ. ಅನಿಲ ತುಂಬಿದ ಬುಲೆಟ್ ಟ್ಯಾಂಕರ್ ಗೇಟು ದಾಟಿದೊಡನೆ ರಾಷ್ಟ್ರೀಯ ಹೆದ್ದಾರಿಗೆ, ಅಲ್ಲಿಂದ ಶಿರಾಡಿ ಘಾಟಿಗೆ ಹೊರಡುತ್ತದೆ. ಒಂದೊಂದರಲ್ಲಿ ಸುಮಾರು 18 ಟನ್ ಅನಿಲ. ದ್ರವವಾಗಿ ಒತ್ತಿ ತುಂಬಿದ ಅದು ಹೊರಬಂದರೆ ಸುಮಾರು 250 ಪಟ್ಟು ಹಿಗ್ಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ಮೇಲೆ ಹೋಗದೆ ನೆಲ ಹಿಡಿದು, ತಗ್ಗು ಹುಡುಕುತ್ತಾ, ತೋಡಿನಲ್ಲಿ, ಅಂಗಳದಲ್ಲಿ ಹರಡುತ್ತದೆ. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ ಬಿದ್ದಾಗ ಆದದ್ದು ಇದೇ. ಹೆದ್ದಾರಿ ಬದಿಯ ಮನೆಗಳಲ್ಲಿದ್ದವರಿಗೆ ಓಡಲೂ ಎಡೆ ಸಿಗಲಿಲ್ಲ.

ಟ್ಯಾಂಕರಿನ ಮೈಮೇಲೆ ಒಂದು ಎಚ್ಚರಿಕೆಯ ಫಲಕ ಇರುತ್ತದೆ, ಅದರಲ್ಲಿ ನಾಲ್ಕು ಅಂಕಿಯ ಸಂಖ್ಯೆ ಬರೆದಿರುತ್ತದೆ. 1075 ಎಂದಿದ್ದರೆ ಅಡುಗೆ ಅನಿಲ, 1005 ಎಂದಿದ್ದರೆ ಅಮೋನಿಯ. ಠಾಣೆಗೆ ಫೋನ್ ಮಾಡುವವರು ಆ ನಾಲ್ಕು ಅಂಕಿಗಳನ್ನು ದೂರದಿಂದಲೇ ಓದಿ ಹೇಳಿದರೆ ಸಾಕು, ಗಾಡಿ ಹೊರಡುವ ಮೊದಲೇ ಯಾವ ಉಪಕರಣ ಬೇಕು, ಎಷ್ಟು ದೂರದಲ್ಲಿ ನಿಲ್ಲಬೇಕು, ಗಾಳಿಯ ಯಾವ ದಿಕ್ಕಿನಿಂದ ಬರಬೇಕು ಎಂಬುದು ತೀರ್ಮಾನವಾಗುತ್ತದೆ. ಸೋರುವ ಅನಿಲಕ್ಕೆ ಈಗಾಗಲೇ ಬೆಂಕಿ ಹತ್ತಿದ್ದರೆ ಅದನ್ನು ಥಟ್ಟನೆ ಆರಿಸುವುದೂ ಅಪಾಯವೇ. ಸೋರುವಿಕೆ ನಿಲ್ಲಿಸದೆ ಜ್ವಾಲೆಯನ್ನಷ್ಟೇ ಆರಿಸಿದರೆ ಅನಿಲ ಕಾಣದಂತೆ ಹರಡಿ ಇನ್ನೊಂದು ಕಡೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ದಳದವರು ಜ್ವಾಲೆಯನ್ನು ಬಿಟ್ಟು ಟ್ಯಾಂಕಿನ ಮೈಗೆ ನೀರು ಹೊಡೆಯುತ್ತಿದ್ದರೆ, ಅವರಿಗೆ ಕೆಲಸ ಬಾರದು ಎಂದು ಮೊಬೈಲಿನಲ್ಲಿ ಚಿತ್ರ ತೆಗೆಯುವವರು ತಿಳಿಯಬಾರದು.

2010ರ ಮೇ 22ರ ಬೆಳಗನ್ನು ಈ ಊರಿನಲ್ಲಿ ಯಾರೂ ಮರೆತಿಲ್ಲ. ದುಬೈಯಿಂದ ಬಂದ ವಿಮಾನ ಬಜಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕಿದರು. ವಿಮಾನ ನಿಲ್ದಾಣದ ಅಗ್ನಿಶಾಮಕ ದಳ ರಾಜ್ಯದ್ದಲ್ಲ, ಆಗ ಅದು ವಿಮಾನ ನಿಲ್ದಾಣ ಪ್ರಾಧಿಕಾರದ್ದಾಗಿತ್ತು. ರನ್‌ವೇಯ ಯಾವ ಮೂಲೆಗಾದರೂ ಮೂರು ನಿಮಿಷದೊಳಗೆ ತಲುಪಬೇಕೆಂಬುದು ಅಂತಾರಾಷ್ಟ್ರೀಯ ನಿಯಮ, ಆ ದಳದ ಸಜ್ಜು ಆ ಲೆಕ್ಕಕ್ಕೇ ಇರುತ್ತದೆ. ಆದರೆ ವಿಮಾನ ಬಿದ್ದದ್ದು ರನ್‌ವೇಯ ಆಚೆ, ಗುಡ್ಡದ ಕೆಳಗೆ, ಕಿರಿದಾದ ಹಳ್ಳಿರಸ್ತೆಯ ಕೊನೆಗೆ. ಮೊದಲು ಅಲ್ಲಿಗೆ ಇಳಿದವರು ಸುತ್ತಮುತ್ತಲಿನ ಮನೆಗಳವರು. ಬೆಟ್ಟದ ಮೇಲಿನ ದಳ, ನಗರದ ಠಾಣೆಗಳು, ಕಾರ್ಖಾನೆಗಳ ದಳಗಳು ಹೀಗೆ ಬೇರೆ ಬೇರೆ ಧಣಿಗಳ ಗಾಡಿಗಳು ಒಂದೇ ಇಕ್ಕಟ್ಟಾದ ರಸ್ತೆಗೆ ಬಂದರೆ ಮೊದಲು ಯಾವುದು ಒಳಹೋಗಬೇಕು, ಆಂಬುಲೆನ್ಸ್ ಯಾವ ಕಡೆಯಿಂದ ಹೊರಬರಬೇಕು ಎಂಬುದನ್ನು ನಿರ್ಧರಿಸುವುದಕ್ಕೂ ಒಬ್ಬರು ಬೇಕು. ಅಣಕು ಕಾರ್ಯಾಚರಣೆಗಳನ್ನು ವರ್ಷವರ್ಷ ಮಾಡುವುದರ ನಿಜವಾದ ಉಪಯೋಗ ಇದು, ಫೋಟೊ ತೆಗೆಸಿಕೊಳ್ಳುವುದಲ್ಲ.

ಮಳೆಗಾಲದಲ್ಲಿ ಇಲಾಖೆಯ ಹೆಸರಿನ ಎರಡನೆಯ ಅರ್ಧ, ಅಂದರೆ ತುರ್ತು ಸೇವೆ, ಮೊದಲಿನದಾಗುತ್ತದೆ. 2018ರ ಮೇ 29ರಂದು ನಗರವೇ ನೀರಿನಲ್ಲಿ ನಿಂತಾಗ ಕೆಂಪು ಗಾಡಿಯವರಿಗೆ ಬೇಕಾದದ್ದು ದೋಣಿ ಮತ್ತು ಹಗ್ಗ. ಮರ ಬೀಳುವುದು, ಗುಡ್ಡ ಜರಿಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ನಮ್ಮ ಕಡೆಯ ಇನ್ನೊಂದು ಕರೆ ಎಂದರೆ ಬಾವಿ. ಮುರಕಲ್ಲಿನಲ್ಲಿ ತೋಡಿದ ಆಳವಾದ ಬಾವಿಗೆ ದನ ಬಿದ್ದರೂ, ಜನ ಬಿದ್ದರೂ 101ಕ್ಕೇ ಫೋನು. ಬೇಸಗೆಯಲ್ಲಿ ಬಾವಿ ಕೆರೆಸುವಾಗ ಡೀಸೆಲ್ ಪಂಪನ್ನು ಒಳಗೇ ಇಳಿಸಿ ಓಡಿಸುವವರಿದ್ದಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಳಗಿದ್ದವನು ಕುಸಿದ, ಎತ್ತಲು ಇಳಿದ ತಮ್ಮನೂ ಕುಸಿದ ಎಂಬ ಸುದ್ದಿಗಳು ಹೀಗೆ ಹುಟ್ಟುತ್ತವೆ. ಉಸಿರಾಟದ ಉಪಕರಣ ಇಲ್ಲದೆ ಯಾರೂ ಇಳಿಯಬಾರದು. ಮೇಣದಬತ್ತಿ ಇಳಿಸಿ ನೋಡುವ ಹಳೆಯ ಪರೀಕ್ಷೆ ಈ ಅನಿಲವನ್ನು ತೋರಿಸಿಕೊಡುವುದಿಲ್ಲ. ಮಳೆ ಮುಗಿದು ಜನವರಿ ಬಂದರೆ ಒಣಹುಲ್ಲಿನ ಗುಡ್ಡಗಳು, ಅವುಗಳ ಜೊತೆ ಕಸದ ರಾಶಿ. 2023ರ ಜನವರಿಯಲ್ಲಿ ಪಚ್ಚನಾಡಿಯ ತ್ಯಾಜ್ಯದ ಗುಡ್ಡೆಗೆ ಹತ್ತಿದ ಬೆಂಕಿ ದಿನಗಟ್ಟಲೆ ಹೊಗೆಯಾಡಿತು. ಕಸದ ವಿಲೇವಾರಿ ಪಾಲಿಕೆಯ ಕೆಲಸ, ಅದರ ಬೆಂಕಿ ಆರಿಸುವುದು ರಾಜ್ಯದ ಕೆಲಸ, ಹೊಗೆ ಕುಡಿಯುವುದು ಸುತ್ತಮುತ್ತಲಿನವರ ಪಾಲು.

ಕೊನೆಯದಾಗಿ ಬಹುಮಹಡಿ ಕಟ್ಟಡಗಳು. ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ್ದನ್ನು ಬಹುಮಹಡಿ ಎಂದು ಕರೆಯುತ್ತದೆ. 24 ಮೀಟರಿಗಿಂತ ಎತ್ತರವಾದರೆ ಜನ ಸೇರಿ ಕಾಯಬಹುದಾದ ಆಶ್ರಯ ತಾಣ ಇರಬೇಕೆನ್ನುತ್ತದೆ. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ತೀರಿಕೊಂಡದ್ದು ಜ್ವಾಲೆಗಿಂತ ಹೊಗೆಯಿಂದ ಮತ್ತು ಹೊಗೆಗೆ ಹೆದರಿ ಜಿಗಿದದ್ದರಿಂದ. ಮಂಗಳೂರಿನಲ್ಲಿ ಆಸ್ಪತ್ರೆ, ಹಾಸ್ಟೆಲ್, ಫ್ಲ್ಯಾಟುಗಳು ಆಕಾಶಕ್ಕೆ ಏರುತ್ತಿರುವ ವೇಗ ನೋಡಿದರೆ ಆ ಘಟನೆ ನಮಗೆ ದೂರದ್ದಲ್ಲ. ಇಲಾಖೆ ಕಟ್ಟಡಕ್ಕೆ ನಿರಾಕ್ಷೇಪಣಾ ಪತ್ರ ಕೊಡುವ ದಿನ ಎಲ್ಲವೂ ಸರಿಯಾಗಿರುತ್ತದೆ. ಮುಂದಿನ ಸ್ಥಿತಿಯನ್ನು ನೋಡಬೇಕಾದರೆ ಯಾವುದಾದರೂ ಫ್ಲ್ಯಾಟಿನ ಮೆಟ್ಟಿಲ ಬಳಿ ಇರುವ ಕೆಂಪು ಪೆಟ್ಟಿಗೆಯ ಬಾಗಿಲು ತೆಗೆಯಿರಿ. ಹೋಸಿನ ಸುರುಳಿ ಮಡಿಕೆಯಲ್ಲೇ ಬಿರುಕು ಬಿಟ್ಟಿರುತ್ತದೆ. ಲೋಹದ ಬ್ರಾಂಚನ್ನು ಗುಜರಿಗೆ ಯಾರೋ ಒಯ್ದಿರುತ್ತಾರೆ. ಅದರ ಜಾಗದಲ್ಲಿ ಹಿಡಿಸೂಡಿ, ನೆಲ ಒರೆಸುವ ಬಟ್ಟೆ. ಹೊಗೆ ತಡೆಯಬೇಕಾದ ಬಾಗಿಲಿಗೆ ಗಾಳಿಗೆಂದು ಕಲ್ಲು ಒತ್ತಿಟ್ಟಿರುತ್ತಾರೆ. ಮೆಟ್ಟಿಲ ಕೆಳಗೆ ಎರಡು ಸ್ಕೂಟರ್. ಇವುಗಳಲ್ಲಿ ಯಾವುದೂ ಇಲಾಖೆಯ ಕೈಯಲ್ಲಿಲ್ಲ. ಇವೆಲ್ಲ ನಮ್ಮ ಅಸೋಸಿಯೇಶನ್ನುಗಳ ಕೈಯಲ್ಲಿವೆ. ಆದರೆ ಅಲ್ಲಿನ ಸಭೆಗಳಲ್ಲಿ ಪಾರ್ಕಿಂಗ್ ಬಿಟ್ಟು ಬೇರೆ ವಿಷಯಕ್ಕೆ ಸಮಯ ಸಿಗುವುದಿಲ್ಲ.

ಉಪನ್ಯಾಸದ ನಂತರ ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ. ಬೆಂಕಿಗೆ ಕರೆದರೆ ಹಣ ಕಟ್ಟಬೇಕೇ ಎಂದು ಹಿರಿಯರೊಬ್ಬರು ಕೇಳಿದರು. ಕಟ್ಟಬೇಕಿಲ್ಲ. ಜಾತ್ರೆ, ಸುಡುಮದ್ದು, ಸಮಾವೇಶಗಳಿಗೆ ಮುಂಜಾಗ್ರತೆಯಾಗಿ ಗಾಡಿ ನಿಲ್ಲಿಸಿಕೊಳ್ಳುವುದಾದರೆ ಶುಲ್ಕವಿದೆ. ಆಪತ್ತಿನ ಕರೆ ಉಚಿತ. 101 ಅಥವಾ 112, ಎರಡರಲ್ಲಿ ಯಾವುದಾದರೂ ಆಗುತ್ತದೆ. ಹೇಳುವಾಗ ಮನೆಯ ಹೆಸರಿಗಿಂತ ಹತ್ತಿರದ ದೇವಸ್ಥಾನ, ಚರ್ಚು, ಮಸೀದಿ, ಬಸ್ ನಿಲ್ದಾಣದ ಹೆಸರು ಹೇಳಿ. ಓಣಿ ಕಿರಿದಾಗಿದ್ದರೆ ಅದನ್ನೂ ಹೇಳಿ. ಆಗ ಸಣ್ಣ ವಾಹನ ಕಳುಹಿಸುತ್ತಾರೆ.

ಇನ್ನೊಬ್ಬರ ಪ್ರಶ್ನೆ, ಹಾಗಾದರೆ ಈ ಸೇವೆಯನ್ನು ಪಾಲಿಕೆಗೇ ಒಪ್ಪಿಸಬೇಕೇ ಎಂಬುದು. ಬೇಡ ಎನ್ನುವುದು ನನ್ನ ಉತ್ತರ. ತರಬೇತಿ, ದುಬಾರಿ ಏಣಿಯ ವಾಹನಗಳು, ಸುಳ್ಯದ ಠಾಣೆಯ ಗಾಡಿಯನ್ನು ಪುತ್ತೂರಿಗೂ ಪುತ್ತೂರಿನದನ್ನು ಬಂಟ್ವಾಳಕ್ಕೂ ಕಳುಹಿಸುವ ಸೌಕರ್ಯ ಇವೆಲ್ಲ ಒಂದೇ ಇಲಾಖೆಯ ಅಡಿಯಲ್ಲಿದ್ದರೆ ಮಾತ್ರ ಸಾಧ್ಯ. ಸಣ್ಣ ಪುರಸಭೆಗಳಿಗೆ ಠಾಣೆ ಸಾಕುವ ಶಕ್ತಿ ಇಲ್ಲ. ಪಾಲಿಕೆ ತನ್ನ ಪಾಲಿನ ಕೆಲಸ ಮಾಡಿದರೆ ಸಾಕು. ಉದಾಹರಣೆಗೆ, ಜಲಸಿರಿ ಯೋಜನೆಯಲ್ಲಿ ದಿನವಿಡೀ ನೀರು ಕೊಡಲೆಂದು ನಗರದ ಬೀದಿಗಳನ್ನು ಅಗೆದು ಹೊಸ ಕೊಳವೆ ಹಾಕುವ ಕೆಲಸ ಕೈಗೊಂಡಿದ್ದಾರೆ. ಕೊಳವೆ ಮಣ್ಣಿನೊಳಗೆ ಹೋಗುವ ಮೊದಲೇ, ಬಂದರು, ರಥಬೀದಿ, ಸೆಂಟ್ರಲ್ ಮಾರ್ಕೆಟ್, ಕುದ್ರೋಳಿಯ ಓಣಿಗಳ ತುದಿಯಲ್ಲಿ ಎಲ್ಲೆಲ್ಲಿ 63 ಮಿಲಿಮೀಟರಿನ ಹೋಸ್ ಕೂರುವ ಹೈಡ್ರಂಟ್ ಬೇಕು ಎಂದು ಪಾಂಡೇಶ್ವರದ ಠಾಣಾಧಿಕಾರಿಯನ್ನು ಕರೆದು ನಕ್ಷೆಯ ಮೇಲೆ ಗುರುತು ಹಾಕಿಸಿಕೊಳ್ಳಬೇಕು. ಡಾಂಬರು ಹಾಕಿದ ಮೇಲೆ ಅದೇ ಕೆಲಸಕ್ಕೆ ಮತ್ತೆ ರಸ್ತೆ ಅಗೆಯಬೇಕಾಗುತ್ತದೆ.